ಒತ್ತೆಯ ಮೀನುಗಳು

ವೈನಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ರಾಯಬಾಗದ ಸಂತೆಯಲ್ಲಿ. ಮೆಂತ್ಯದ ಸೂಡು ಆರಿಸುತ್ತ ಕೂತಿದ್ದೆ. ಮಗ್ಗುಲಿಗೆ ಬಂದು ಕೂತ ಹೆಂಗಸು, "ಟೀಚರ, ನಿಮ್ಮ ಬಾಜೂಕ ಇದ್ರಲ್ರಿ ಮೀನಿನ ವೈನಿ, ಹೋದ್ರಂತ" ಅಂದಳು. ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲವಂತೆ. ನಾನು ಸೂಡನ್ನು ಅಲ್ಲೇ ಇಟ್ಟು ಎದ್ದು ಬಂದೆ.

ಓಣಿಯೆಲ್ಲ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿತ್ತು. ನಮ್ಮ ಓಣಿಗೆ ಅವರು ಬರುವ ಮೊದಲೇ ಅವರ ಕಥೆ ಬಂದಿತ್ತು. ಕೃಷ್ಣೆಯ ದಂಡೆಯ ಊರಿನ ಕಬ್ಬಿನ ಮನೆತನದ ಸೊಸೆ, ತವರು ಪಾಲಬಾವಿ. ಆ ದೊಡ್ಡ ಮಹಾಪೂರದ ಹೊತ್ತಿಗೆ ಅವರ ಗಂಡ ನದಿಯ ಅಂಚಿನಲ್ಲಿದ್ದ ಪಂಪಿನ ಮೋಟಾರನ್ನು ಮೇಲಕ್ಕೆ ತರುತ್ತೇನೆಂದು ಇಳಿದು ಹೋದವರು ತಿರುಗಿ ಬರಲಿಲ್ಲ. ನೀರು ಇಳಿದ ಮೇಲೆ ದೋಣಿ ಹಾಕಿ, ಜಾಲ ಹಾಕಿ ಹುಡುಕಿದರು. ಮೋಟಾರೂ ಇಲ್ಲ, ಮನುಷ್ಯನೂ ಇಲ್ಲ. ಕೊನೆಗೆ ಹಿಟ್ಟಿನ ಗೊಂಬೆ ಮಾಡಿ ಹೊಲದಲ್ಲಿ ಮಣ್ಣು ಕೊಟ್ಟರು. ವೈನಿ ಅದಕ್ಕೆ ಬೇಡ ಅನ್ನಲಿಲ್ಲ. ಆದರೆ ಬಳೆ ಒಡೆಯಲು ಬಂದ ಹೆಂಗಸರ ಮುಂದೆ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು, "ಹಿಟ್ಟಿಗೆ ನಾ ಹೆಂಡತಿ ಅಲ್ಲ" ಅಂದರಂತೆ.

ಈ ಮಾತಿನ ನಂತರ ಅತ್ತೆಯ ಮನೆಯಲ್ಲಿ ಇರುವುದು ಕಷ್ಟವಾಯಿತು. ರಾಯಬಾಗಕ್ಕೆ ಬಂದು ನಮ್ಮ ಗೋಡೆಗೆ ಗೋಡೆ ಹತ್ತಿದ ಎರಡು ಕೋಣೆಯ ಮನೆ ಹಿಡಿದು, ಜಂಪರು ಹೊಲಿಯತೊಡಗಿದರು. ಟಂಟಂ ಗಾಡಿಯಿಂದ ಅವರ ಸಾಮಾನು ಇಳಿಸುವಾಗ ನಾನೇ ಕೈ ಹಚ್ಚಿದ್ದೆ. ಒಂದು ಮಷೀನು, ಒಂದು ಟ್ರಂಕು, ನಾಲ್ಕು ಪಾತ್ರೆ, ಆಮೇಲೆ ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ ಒಂದು ದೊಡ್ಡ ತಾಮ್ರದ ಹಂಡೆ. ಅದನ್ನು ಹಿಡಿಯಲು ಹೋದರೆ, "ಅದು ಬ್ಯಾಡ್ರಿ, ಅದರಾಗ ಜೀವ ಐತಿ" ಅಂದರು.

ಎತ್ತರದ ಹೆಂಗಸು. ಹಣೆಯ ತುಂಬ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಆದರೆ ಅವು ಸದ್ದು ಮಾಡುತ್ತಿರಲಿಲ್ಲ, ಅಷ್ಟು ನಿಧಾನ ಅವರ ಕೈ. ನಡೆದರೆ ಹೆಜ್ಜೆಯ ಸಪ್ಪಳವೂ ಇಲ್ಲ. ಬೆನ್ನ ಹಿಂದೆ ಬಂದು ನಿಂತು "ಟೀಚರ" ಅಂದಾಗ ನಾನು ಎಷ್ಟೋ ಸಲ ಬೆಚ್ಚಿದ್ದೇನೆ. ಮೊದಲು ಹೀಗಿರಲಿಲ್ಲವಂತೆ. ಮೀನುಗಳಿಗೆ ನೆಲದ ಅದುರು ತಿಳಿಯುತ್ತದೆ, ಹೊಸದಾಗಿ ಹಿಡಿದು ತಂದವು ಅದುರಿಗೆ ಅಂಜಿ ಅನ್ನ ಬಿಡುತ್ತವೆ. ಅದಕ್ಕೇ ನಡಿಗೆ ಬದಲಿಸಿಕೊಂಡರಂತೆ. ಹೊಲಿಯುವಾಗ ಯಾರಾದರೂ ಕರೆದರೆ ಸೂಜಿಯನ್ನು ಹೆಗಲ ಮೇಲಿನ ಸೆರಗಿಗೆ ಚುಚ್ಚಿ, ಒಂದು ಗಳಿಗೆ ಸುಮ್ಮನೆ ಕೂತು, ಆಮೇಲೆ ಏಳುತ್ತಿದ್ದರು. ಯಾವುದೋ ಆಳದಿಂದ ಮೇಲೆ ಬಂದವರ ಹಾಗೆ.

ಮೀನು ನೋಡಲು ನನ್ನನ್ನು ಒಳಗೆ ಕರೆದದ್ದು ಅವರು ಬಂದು ಸುಮಾರು ದಿನಗಳಾದ ಮೇಲೆ. ಒಳಕೋಣೆಯ ಕಿಟಕಿಗೆ ಹಳೆಯ ಕಪ್ಪು ಸೀರೆ ಕಟ್ಟಿದ್ದರು. ಹೊರಗೆ ರಣಬಿಸಿಲು, ಒಳಗೆ ಮುಸ್ಸಂಜೆ. ನದಿಯ ವಾಸನೆ. ಮಣ್ಣು, ಪಾಚಿ, ಅದರ ಜೊತೆಗೆ ಕೊಳೆತ ಕಬ್ಬಿನ ಸೋಗೆಯದೇನೋ ಇತ್ತು. ನಿಪ್ಪಾಣಿಯಿಂದ ತರಿಸಿದ ಗಾಜಿನ ತೊಟ್ಟಿಗಳು ಗೋಡೆಯುದ್ದಕ್ಕೂ ಇದ್ದವು. ತಳದಲ್ಲಿ ನುಣ್ಣನೆಯ ಹೊಳೆಮರಳು, ಅದರ ಮೇಲೆ ಬೋರಿನ ಪೈಪಿನ ತುಂಡುಗಳು. ಮೀನು ಎಲ್ಲಿ ಎಂದು ಕೇಳಿದೆ.

"ಅವು ನಿಮ್ಮನ್ನ ನೋಡಾಕತ್ತಾವ. ತಡೀರಿ" ಅಂದರು.

ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಕಂಡವು. ಪೈಪಿನ ಒಂದೊಂದು ಬಾಯಿಂದ ಬಿಳಿಯ ದಾರದಂಥ ಮೀಸೆಗಳು ಹೊರಬಂದು ನೀರನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದವು. ಹಿಂದೆ ಚಪ್ಪಟೆ ತಲೆ, ರೆಪ್ಪೆಯಿಲ್ಲದ ಕಣ್ಣು. ನಮ್ಮ ಕಡೆ ಮರಾಠಿ ಬೆರೆಸಿ ಶಿಂಗಾಳಿ ಅನ್ನುವ ಮೀಸೆಮೀನು ಅದು. ಬೆಳೆದರೆ ಆಳಿನ ತೊಡೆಯಷ್ಟಾಗುತ್ತದೆ. ಅವು ಆಗ ಕಿರುಬೆರಳಿನಷ್ಟಿದ್ದವು.

ಪೂರದ ನೀರು ಇಳಿದಾಗ ಅವರ ಹೊಲದ ತಗ್ಗಿನಲ್ಲಿ ಒಂದು ಹೊಂಡ ಉಳಿದಿತ್ತು. ಗಂಡ ಇಳಿದು ಹೋದ ಜಾಗದಿಂದ ಕೂಗಳತೆ. ಎಲ್ಲರೂ ನದಿಯಲ್ಲಿ ಹುಡುಕುತ್ತಿದ್ದಾಗ ವೈನಿ ಆ ಹೊಂಡದ ಮುಂದೆ ಕೂತಿದ್ದರು. ನೀರು ದಿನದಿನಕ್ಕೆ ಬತ್ತುತ್ತಿತ್ತು, ಮೀನಿನ ಮರಿಗಳು ಕೆಸರಿನಲ್ಲಿ ಒದ್ದಾಡುತ್ತಿದ್ದವು. ಮನೆಗೆ ಹೋಗಿ ಹಂಡೆ ತಂದು, ಕೈಯಿಂದಲೇ ಬಾಚಿ ತುಂಬಿಕೊಂಡರು. ಕೊರಳಲ್ಲಿ ಲಿಂಗವಿರುವ, ಮೀನಿನ ವಾಸನೆ ಬಂದರೆ ಓಣಿ ಬದಲಿಸುವ ಮನೆತನದವರು ಅವರು.

"ಮಂದಿ ಏನೇನೋ ಅಂತಾರಲ್ರಿ ವೈನಿ" ಎಂದು ಒಮ್ಮೆ ನಾನು ಅಳುಕುತ್ತಲೇ ಮಾತು ತೆಗೆದೆ. ಊರವರು ಅನ್ನುತ್ತಿದ್ದುದು ನನಗೂ ಅವರಿಗೂ ಗೊತ್ತಿತ್ತು. ಶಿಂಗಾಳಿ ಹೊಳೆಯ ತಳದಲ್ಲಿ ಹೆಣ ತಿನ್ನುವ ಮೀನು. ಗಂಡನನ್ನು ತಿಂದ ಕುಲವನ್ನು ಈಕೆ ಸಾಕುತ್ತಾಳೆ ಎಂದು.

ವೈನಿ ದಾರ ಕಡಿದು, "ತಿಂದಿದ್ರ ಇವುರ ಅವ್ವ ಅಪ್ಪ ತಿಂದಿರಬೇಕು" ಅಂದರು. "ಇವು ಆವಾಗ ಅಕ್ಕಿಕಾಳಿನಷ್ಟ ಇದ್ವೋ ಇಲ್ಲೋ. ಇವಕ್ಕ ಯಾಕ ಹಸಿವಿ ಇಡ್ಲಿ?"

ಅದನ್ನು ಹೇಳುವಾಗ ಅವರ ಮುಖದಲ್ಲಿ ಏನೂ ಇರಲಿಲ್ಲ.

ಹೊಳೆಯಿಂದ ತಂದ ಮರಿಗಳು ಅಂಗಡಿಯ ಒಣ ಕಾಳನ್ನು ಮುಟ್ಟುವುದಿಲ್ಲ. ಮೊದಮೊದಲು ಬಹಳಷ್ಟು ಸತ್ತವು. ನಳದ ನೀರಿನ ಬ್ಲೀಚಿಂಗ್ ಪೌಡರಿಗೆ ಕೆಲವು, ಚೂಪು ಹರಳಿಗೆ ಮೀಸೆ ಸವೆದು ಕೆಲವು, ಒಂದರ ಬಾಯಿಗೆ ಇನ್ನೊಂದು ಸಿಕ್ಕು ಕೆಲವು. ಸತ್ತುದನ್ನು ವೈನಿ ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕಿ, ಕೈ ತೊಳೆದು, ಮತ್ತೆ ಮಷೀನಿಗೆ ಕೂರುತ್ತಿದ್ದರು. ಉಳಿದವನ್ನು ಸಣ್ಣವು, ದೊಡ್ಡವು ಎಂದು ಬೇರೆ ಮಾಡಿದರು. ಅಂಗಳದಲ್ಲಿ ಬಿಸಿಲಿಗಿಟ್ಟು ಪೌಡರಿನ ಘಾಟು ಇಳಿಸಿದ ನೀರು ಹಾಕಿದರು. ಒದ್ದೆ ಗೋಣಿಚೀಲದ ಕೆಳಗೆ ಎರೆಹುಳು ಬೆಳೆಸಿ, ತೊಳೆದು, ಜಂಪರಿನ ಬಟ್ಟೆ ಕತ್ತರಿಸುವುದಲ್ಲದ ಬೇರೊಂದು ಕತ್ತರಿಯಿಂದ ತುಂಡು ಮಾಡಿ ಹಾಕುತ್ತಿದ್ದರು. ಅವು ಹುಳುವಿಗೆ ಒಗ್ಗಿದ ಮೇಲೆ ಒಣ ಕಾಳನ್ನು ಹುಳುವಿನ ರಸದಲ್ಲಿ ನೆನೆಸಿ, ದಿನಕ್ಕಿಷ್ಟು ಬೆರೆಸುತ್ತ ಹೋದರು. ಆಮೇಲೆ ತಲೆಯ ಮೇಲೆ ನೀರು ಹುಯ್ದುಕೊಂಡು, ವಿಭೂತಿ ಹಚ್ಚಿ, ಲಿಂಗಪೂಜೆಗೆ ಕೂರುತ್ತಿದ್ದರು. ಎರಡರಲ್ಲೂ ಅವರಿಗೆ ಒಂದೇ ಶ್ರದ್ಧೆ. ನಮ್ಮನೆಯವರು ಅವರ ಕೈಯ ಚಹಾ ಕುಡಿಯುವುದನ್ನೇ ಬಿಟ್ಟರು. ನಾನು ಬಿಡಲಿಲ್ಲ, ಆದರೆ ಮೊದಲ ಗುಟುಕಿಗೆ ಪ್ರತಿ ಸಲ ಮೈ ಜುಂ ಅನ್ನುತ್ತಿತ್ತು.

ಅವರ ಮನೆಗೆ ಬರುವ ಗಿರಾಕಿಗಳಿಗೆ ಅಂಜಿಕೆ ಹುಟ್ಟಿಸಿದ್ದು ಬೇರೆಯದೇ. ಹೊಲಿಗೆ ಮುಗಿಸಿದ ಕೂಡಲೇ ಮೀನಿಗೆ ಹಾಕುವುದು ವೈನಿಯ ರೂಢಿ. ಮಷೀನಿನ ಅದುರು ನೆಲದಿಂದ ತೊಟ್ಟಿಗೆ ಹೋಗಿ ಅವಕ್ಕೆ ಗುರುತಾಗಿತ್ತು. ವೈನಿ ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ಒಳಕೋಣೆಯ ಕತ್ತಲೆಯಲ್ಲಿ ಎಲ್ಲ ತಲೆಗಳೂ ಪೈಪಿನಿಂದ ಹೊರಬಂದು ಬಾಗಿಲಿನ ಕಡೆಯ ಗಾಜಿಗೆ ಸಾಲಾಗಿ ನಿಲ್ಲುತ್ತಿದ್ದವು. ಬಾಯಿ ತೆರೆದು ಮುಚ್ಚುತ್ತ, ಮೀಸೆಯಿಂದ ಗಾಜನ್ನು ಸವರುತ್ತ. ತೊಟ್ಟಿ ತೊಳೆಯಲು ಒಂದನ್ನು ಕೈಯಲ್ಲಿ ಎತ್ತಿದರೆ ಅದು ರೆಕ್ಕೆಯ ಮುಳ್ಳನ್ನು ತಿರುವಿ ಕರ್ರ್ ಕರ್ರ್ ಎಂದು ದನಿ ಮಾಡುತ್ತಿತ್ತು. ಗಂಟಲಲ್ಲಿ ನೀರು ತುಂಬಿಕೊಂಡವರು ಮಾತಾಡಲು ಹೊರಟ ಹಾಗೆ. ಅಳತೆ ಕೊಡಲು ಬಂದಿದ್ದ ಕಬ್ಬೂರಿನ ಮದುಮಗಳೊಬ್ಬಳು ಆ ದನಿ ಕೇಳಿ ಚಪ್ಪಲಿ ಬಿಟ್ಟೇ ಓಡಿದ್ದಳು.

ಇಷ್ಟೆಲ್ಲ ಯಾಕೆ ಎಂದು ನಾನು ಕೇಳಿದ್ದು ಒಂದೇ ಸಲ. ಆಗ ಮಳೆಗಾಲ. ವೈನಿ ಹುಕ್ಕು ಹಚ್ಚುತ್ತಿದ್ದರು.

"ಹೊಳಿ ನನ್ನ ಕಡಿಂದ ತಗೊಂತು. ಕೇಳಿ ತಗೊಳ್ಳಲಿಲ್ಲ. ನಾನೂ ಅದರ ಮಕ್ಕಳನ್ನ ತಗೊಂಡ ಬಂದೀನಿ. ಕೇಳಿ ತಗೊಂಡಿಲ್ಲ. ಒತ್ತಿ ಇಟ್ಟಗೊಂಡೀನ್ರಿ ಟೀಚರ. ಅದು ಅವರನ್ನ ಕೊಡ್ಲಿ, ನಾ ಇವನ್ನ ಕೊಡ್ತೀನಿ."

"ಕೊಡದಿದ್ರ?"

"ಒತ್ತಿ ಇಟ್ಟಿದ್ದನ್ನ ಉಪಾಸ ಕೆಡವಬಾರದು, ಕೆಡಿಸಬಾರದು. ಅದಕ್ಕ ಚೆಂದ ಸಾಕಾಕತ್ತೀನಿ. ಹೊಳಿಗೂ ತನ್ನ ಮಕ್ಕಳು ಬೇಕಾಗೇ ಬೇಕಾಗತಾವ."

ಅವರಿಗೆ ತಲೆ ಕೆಟ್ಟಿದೆ ಎಂದು ನನಗೆ ಅನ್ನಿಸಲಿಲ್ಲ. ಅದೇ ನನ್ನನ್ನು ಹೆಚ್ಚು ಅಂಜಿಸಿತು. ಅಷ್ಟು ತಣ್ಣಗೆ, ಬಟ್ಟೆಯ ಅಳತೆ ಹೇಳಿದ ಹಾಗೆ ಹೇಳಿದ್ದರು.

ಮೀನುಗಳು ಮೊಳ ಉದ್ದವಾದ ವರ್ಷ ಅವರ ಅತ್ತೆ ಬಂದರು. ಮಧ್ಯಾಹ್ನದ ಹೊತ್ತು. ಬಾಗಿದ ಬೆನ್ನಿನ ಮುದುಕಿ, ಕೈಯಲ್ಲಿ ಖಾರ ಕುಟ್ಟುವ ಹಾರೆ. ಟಂಟಂನಿಂದ ಇಳಿದವರೇ ಓಣಿಗೆಲ್ಲ ಕೇಳುವಂತೆ, "ನನ್ನ ಮಗನ್ನ ತಿಂದದ್ದಕ್ಕ ಉಣ್ಣಾಕ ಇಡಾಕತ್ತೀಯೇನ ಬೇ? ಎಲ್ಲಿ ಅದಾವ? ಒಡದ ಹಾಕತೀನಿ ಇವತ್ತ" ಎಂದು ಒಳಗೆ ನುಗ್ಗಿದರು. ನಾನೂ ಹಿಂದೆಯೇ ಓಡಿದೆ. ವೈನಿ ಮಷೀನಿನಿಂದ ಏಳಲಿಲ್ಲ. ತಡೆಯಲೂ ಇಲ್ಲ.

ಮುದುಕಿ ಒಳಕೋಣೆಯ ಬಾಗಿಲಲ್ಲಿ ಹಾರೆ ಎತ್ತಿ ನಿಂತರು. ಮಷೀನಿನ ಅದುರಿಗೆ ಮೀನುಗಳೆಲ್ಲ ಆಗಲೇ ಗಾಜಿಗೆ ಬಂದು ನಿಂತಿದ್ದವು. ಅದರಲ್ಲಿ ಒಂದಕ್ಕೆ ಒಂದು ಬದಿಯ ಮೀಸೆ ಹರಿದು ಹೋಗಿತ್ತು. ಅದು ಉಳಿದವುಗಳ ಹಾಗೆ ನೆಟ್ಟಗೆ ನಿಲ್ಲದೆ, ತಲೆಯನ್ನು ಎಡಕ್ಕೆ ವಾಲಿಸಿ ನೋಡುತ್ತಿತ್ತು. ಮುದುಕಿ ಅದನ್ನೇ ದಿಟ್ಟಿಸಿದರು. ಹಾರೆ ನಿಧಾನಕ್ಕೆ ಕೆಳಗೆ ಬಂತು. ಆಮೇಲೆ ಗಾಜಿನ ಮುಂದೆ ಕುಕ್ಕರಿಸಿ, ಮಗ ಸಣ್ಣವನಿದ್ದಾಗ ಕರೆಯುತ್ತಿದ್ದ ಹೆಸರು ಹಿಡಿದು ಕರೆದರು. ಮೀನು ಅಲುಗಲಿಲ್ಲ. "ಹಿಂಗ ನೋಡತಿದ್ದ" ಅಂದರು, ಯಾರಿಗೆ ಹೇಳಿದರೋ. "ಹಾಲ ಬೇಡೂಮುಂದ ಹಿಂಗ ಕುತಿಗಿ ವಾಲಿಸತಿದ್ದ."

ವೈನಿಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು. ಗಂಡ ಹೋದ ಕಥೆ ಹೇಳುವಾಗಲೂ ಬದಲಾಗದ ಮುಖ ಆಗ ಬಿಳಿಚಿಕೊಂಡದ್ದನ್ನು ನಾನು ನೋಡಿದೆ.

ಅಲ್ಲಿಂದ ಮುಂದೆ ಮುದುಕಿ ವಾರವಾರ ಸಂತೆಯ ದಿನ ಬರತೊಡಗಿದರು. ಬುತ್ತಿ ಕಟ್ಟಿಕೊಂಡು ಬಂದು ಆ ವಾಲಿ ನೋಡುವ ಮೀನಿನ ಮುಂದೆ ಕೂತು, ಹೊಲದ ಸುದ್ದಿ, ಎಮ್ಮೆ ಈದ ಸುದ್ದಿ, ಯಾವ ಬದುವಿನ ಮೇಲೆ ಜಗಳವಾಯಿತು ಎಂಬ ಸುದ್ದಿ ಎಲ್ಲ ಹೇಳುತ್ತಿದ್ದರು. ಸೊಸೆಯ ಜೊತೆಗೂ ಮಾತು ಕೂಡಿತು. ಓಣಿಯವರು ಒಳ್ಳೆಯದಾಯಿತು ಅಂದರು. ವೈನಿ ಮಾತ್ರ ಸೊರಗತೊಡಗಿದರು.

"ನನಗ ಅಂಜಿಕಿ ಬರಾಕತ್ತೈತ್ರಿ" ಎಂದು ಒಂದು ದಿನ ನಮ್ಮ ಅಡುಗೆಮನೆಗೆ ಬಂದು ಹೇಳಿದರು. "ನಾ ಒತ್ತಿ ಅಂತ ಇಟ್ಟಗೊಂಡೀನಿ. ಅತ್ತಿ ಮಗಾ ಅನ್ನಾಕತ್ತಾರ. ನಾಳೆ ಹೊಳಿ ಕೊಟ್ಟರ ನಾ ಏನ ಕೊಡ್ಲಿ?"

ಹೊಳೆ ಕೊಟ್ಟಿತು. ಮಳೆ ಕೈಕೊಟ್ಟ ಒಂದು ಬೇಸಿಗೆಯಲ್ಲಿ ಕೃಷ್ಣೆ ತುಂಡು ತುಂಡಾಗಿ, ಅಲ್ಲಲ್ಲಿ ಮಡುವಾಗಿ ಉಳಿಯಿತು. ಊರಿಗೆ ನೀರೆತ್ತಲು ಒಂದು ಮಡುವಿನ ಹೂಳು ತೆಗೆಸುತ್ತಿದ್ದರು. ಜೆಸಿಬಿಯ ಹಲ್ಲಿಗೆ ಪಂಪಿನ ಕಬ್ಬಿಣದ ಚೌಕಟ್ಟು ಸಿಕ್ಕಿತು. ಅದಕ್ಕೆ ಸುತ್ತಿಕೊಂಡ ಪೈಪು, ಪೈಪಿನ ಸುರುಳಿಯೊಳಗೆ ಸಿಕ್ಕಿಕೊಂಡ ಒಂದು ಕಾಲಿನ ಮತ್ತು ಸೊಂಟದ ಎಲುಬು. ಉಳಿದದ್ದು ಇಲ್ಲ. ತಲೆಯೂ ಇಲ್ಲ. ಪೊಲೀಸರು ಒಯ್ದರು, ಪರೀಕ್ಷೆಗೆ ಕಳಿಸಿದರು, ಬಹಳ ದಿನ ಕಾಯಿಸಿದ ಮೇಲೆ ವೈನಿಯ ಗಂಡನದೇ ಎಂದು ಬಂತು.

ಎಲುಬುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಾಗ ನಾನು ವೈನಿಯ ಜೊತೆಗಿದ್ದೆ. ಅವರು ಗಂಟು ಬಿಚ್ಚಿ, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ ಮತ್ತೆ ಕಟ್ಟಿದರು. ಆ ಸಂಜೆ ಹೊಲದಲ್ಲಿ ಎರಡನೆಯ ಸಲ ಮಣ್ಣಾಯಿತು. ಯಾರೂ ಕೈ ಹಿಡಿಯುವ ಮೊದಲೇ ವೈನಿ ತಾವೇ ಬದುವಿನ ಕಲ್ಲಿಗೆ ಕೈ ಕುಟ್ಟಿ ಬಳೆ ಒಡೆದುಕೊಂಡರು. ಅಷ್ಟು ದಿನ ಸದ್ದು ಮಾಡದಿದ್ದ ಬಳೆಗಳು. ಆ ಸದ್ದಿನ ಜೊತೆಗೆ ಅವರ ಬಾಯಿಂದ ಬಂದ ಕೂಗು ನದಿಯ ಆಚೆ ದಂಡೆಗೂ ಕೇಳಿರಬೇಕು. ನಾನು ಅವರನ್ನು ಅಪ್ಪಿ ಹಿಡಿದೆ. ಬಾಳೆಯ ದಿಂಡಿನಂತೆ ತಣ್ಣಗಿದ್ದರು.

ಮುದುಕಿ ಮಣ್ಣಿಗೆ ಬರಲಿಲ್ಲ. "ಅದು ಎಲುಬಿನ ಗಂಟು. ನನ್ನ ಮಗ ರಾಯಬಾಗದಾಗ ಅದಾನ" ಎಂದು ಮನೆಯಲ್ಲೇ ಕೂತಿದ್ದರು.

ಮುಂಗಾರಿನ ಮೊದಲ ಕೆಂಪು ನೀರು ಬಂದು ಹರಿವು ಕೂಡಿದ ದಿನ ವೈನಿ ಮೀನುಗಳನ್ನು ಹೊಳೆಗೆ ಹೊರಡಿಸಿದರು. ನೀಲಿ ಬ್ಯಾರಲ್‌ಗಳಲ್ಲಿ ಮೀನು, ಟಂಟಂನ ಹಿಂದೆ ನಾವಿಬ್ಬರು. ದಾರಿಯುದ್ದಕ್ಕೂ ಬ್ಯಾರಲ್ ಒಳಗಿಂದ ಕರ್ರ್ ಕರ್ರ್ ದನಿ. ಡ್ರೈವರು ಎರಡು ಸಲ ಗಾಡಿ ನಿಲ್ಲಿಸಿ, "ಒಳಗ ಯಾರ ಅದಾರ್ರಿ?" ಎಂದು ಕೇಳಿದ.

ದಂಡೆಯಲ್ಲಿ ಮುದುಕಿ ನಮಗಿಂತ ಮೊದಲೇ ಬಂದು ನಿಂತಿದ್ದರು. ಹಾರೆಯಿರಲಿಲ್ಲ. ಬರಿಗೈ ಜೋಡಿಸಿದ್ದರು. "ಒಂದ, ಒಂದ ಬಿಡ ನನಗ. ಎರಡ ಸಲ ಕಳಕೊಳ್ಳೂ ಶಕ್ತಿ ಇಲ್ಲ ಬೇ" ಅಂದರು. ವೈನಿ ಮೊಣಕಾಲಿನವರೆಗೆ ನೀರಿಗಿಳಿದು, ಒಂದೊಂದೇ ಮೀನನ್ನು ಹೊಟ್ಟೆಯ ಕೆಳಗೆ ಕೈಕೊಟ್ಟು ಬಿಡತೊಡಗಿದರು. ಅವು ಹೋಗಲಿಲ್ಲ. ಕೆಂಪು ನೀರಿನಲ್ಲಿ ಅವರ ಕಾಲಿನ ಸುತ್ತಲೇ ಕಪ್ಪು ಬೆನ್ನುಗಳು ತಿರುಗುತ್ತಿದ್ದವು. ವೈನಿ ಕಾಲಿನಿಂದ ನೀರು ಬಡಿದು, "ಹೋಗ್ರಿ! ನಿಮ್ಮ ಮನಿ ಬಂತು, ಹೋಗ್ರಿ!" ಎಂದು ಬೈದರು, ಅತ್ತರು. ಕೊನೆಗೆ ಒಂದು ತಿರುಗಿತು, ಅದರ ಹಿಂದೆ ಉಳಿದವು. ನೀರು ಮುಚ್ಚಿಕೊಂಡಿತು.

ಕೊನೆಯ ಬ್ಯಾರಲ್‌ನಲ್ಲಿ ಮೀಸೆ ಹರಿದ ಆ ಮೀನು ಒಂದೇ ಇತ್ತು. ವೈನಿ ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ನದಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಬ್ಯಾರಲ್‌ನ ಮುಚ್ಚಳ ಹಾಕಿದರು.

"ಹೊಳಿನೂ ಪೂರಾ ಕೊಟ್ಟಿಲ್ಲ" ಅಂದರು. "ನಾನೂ ಪೂರಾ ಕೊಡಂಗಿಲ್ಲ."

ಟಂಟಂ ರಾಯಬಾಗಕ್ಕೆ ನನ್ನೊಬ್ಬಳನ್ನೇ ತಿರುಗಿ ತಂದಿತು. ವೈನಿ ಅಲ್ಲಿಂದಲೇ ಅತ್ತೆಯ ಮನೆಗೆ ಹೋದರು. ಮಷೀನನ್ನೂ ಒಂದು ತೊಟ್ಟಿಯನ್ನೂ ಆಮೇಲೆ ತರಿಸಿಕೊಂಡರು. ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದರು. ಚೆನ್ನಾಗಿದ್ದೇನೆ ಅನ್ನುತ್ತಿದ್ದರು, ದನಿಯೂ ಚೆನ್ನಾಗಿತ್ತು. ಒಮ್ಮೆ ಮಾತ್ರ, "ಮಳಿಗಾಲದಾಗ ಹೊಳಿ ಸಪ್ಪಳ ಅಂಗಳದ ತನಕ ಬರತೈತ್ರಿ. ಬಾಕಿ ಕೇಳಾಕ ಬಂದೋರ ಗತೆ" ಎಂದು ನಕ್ಕರು. ನಾನು ನಗಲಿಲ್ಲ.

ಅವರು ತೀರಿಕೊಂಡ ಮೇಲೆ ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು: ಒಂದು ಉಳಿಸಿಕೊಂಡದ್ದಕ್ಕೆ ಹೊಳೆ ಅವಳನ್ನೇ ತೆಗೆದುಕೊಂಡಿತು ಎಂದು. ಮನೆಯ ಪಡಸಾಲೆಯಲ್ಲಿ ಕೂತ ಮನುಷ್ಯನನ್ನು ಹೊಳೆ ಹೇಗೆ ತೆಗೆದುಕೊಳ್ಳುತ್ತದೆ, ಎದೆ ನಿಂತು ಹೋದದ್ದು, ಅಷ್ಟೇ ಎಂದು ನಾನು ಆ ಊರಿಗೆ ಹೊರಟ ಬಸ್ಸಿನಲ್ಲಿ ಊರವರ ಎದುರು ವಾದಿಸಿದೆ. ಇಳಿದು ಅವರ ಮನೆಯ ಕಡೆ ನಡೆಯುವಾಗ ಹೊಳೆಯ ಕಡೆ ನೋಡದೆ ನಡೆದೆ.

ಮಣ್ಣು ಮುಗಿದು ಆಗಲೇ ಕೆಲವು ದಿನಗಳಾಗಿದ್ದವು. ಪಡಸಾಲೆಯಲ್ಲಿ ಮುದುಕಿ ತೊಟ್ಟಿಯ ಮುಂದೆ ಕೂತಿದ್ದರು. ಅಳುತ್ತಿರಲಿಲ್ಲ. ನನ್ನ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. "ಮಗ ಆರಾಮ ಅದಾನೇನ್ರಿ ಅವ್ವಾರ?" ಎಂದು ಮೀನಿನ ಕಡೆ ಕೈ ತೋರಿಸಿದೆ. ಅವರನ್ನು ಸಮಾಧಾನ ಮಾಡಲು ಕೇಳಿದ ಮಾತು ಅದು.

"ಅವ ಇಲ್ರಿ ಈಗ" ಅಂದರು ಮುದುಕಿ. "ಅಕಿ ಹ್ವಾದ ದಿನಾನ ಅವ ಹ್ವಾದ. ಹಗಲೆಲ್ಲಾ ಮಾತಾಡಿಸಿದೆ, ವಾಲಿ ನೋಡಲೇ ಇಲ್ಲ. ಮರುದಿವಸದಿಂದ ನೆಟ್ಟಗ ನೋಡಾಕತ್ತೈತಿ, ನೋಡ್ರಿ. ಈಗ ಒಳಗ ಅಕಿ ಅದಾಳ." ಆಮೇಲೆ ಗಾಜಿಗೆ ಬೆರಳು ತಾಗಿಸಿ, "ಎದ್ದ ಬಾ ಬೇ. ಯಾರ ಬಂದಾರ ನೋಡ. ನಿಮ್ಮ ಟೀಚರ ಬಂದಾರ" ಅಂದರು.

ಪೈಪಿನ ಬಾಯಿಂದ ಮೀಸೆಗಳು ಬಂದವು. ಮುಪ್ಪಾದ ಬೂದುಬಣ್ಣದ ದೊಡ್ಡ ತಲೆ, ಸಪ್ಪಳವಿಲ್ಲದೆ, ಬಹಳ ನಿಧಾನವಾಗಿ ಹೊರಬಂತು. ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಮೇಲಕ್ಕೆ ಎದ್ದಿತು. ತಲೆ ನೆಟ್ಟಗಿತ್ತು.

ಮುದುಕಿ ಹುಳುವಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷ ಪಕ್ಕದಲ್ಲಿದ್ದೂ ನಾನು ಒಮ್ಮೆಯೂ ಆ ನೀರಿಗೆ ಕೈ ಹಾಕಿದವಳಲ್ಲ. ಆ ದಿನ ಹಾಕಿದೆ. ಮೀಸೆಗಳು ನನ್ನ ಬೆರಳುಗಳನ್ನು ಮುಟ್ಟಿದವು, ತಣ್ಣಗೆ, ಒಂದಾದ ಮೇಲೊಂದು, ಗುರುತು ಹಿಡಿಯುವವರ ಹಾಗೆ. ಹುಳುವನ್ನು ಅದು ಮುಟ್ಟಲಿಲ್ಲ. ನನ್ನ ಕೈಯ ಕೆಳಗೇ ನಿಂತಿತು.

ನಾನು ಬಗ್ಗಿ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಊಟ ಆತೇನ್ರಿ ವೈನಿ?" ಅಂದೆ.